ಮಾದರಿ ಬಾಟಲಿ

ಬೆಳಿಗ್ಗೆ ಹತ್ತೂವರೆಗೆ ಬಿಯರ್ ಕುಡಿಯುವುದು ಅಕ್ಕನ ಕೆಲಸವಾಗಿತ್ತು. ಈ ಮಾತು ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ತಮಗೂ ಅಲ್ಲೊಂದು ಜಾಗ ಇದೆಯೇ ಎಂದು ವಿಚಾರಿಸುತ್ತಿದ್ದರು. ಅಕ್ಕನ ಉತ್ತರ ಎಲ್ಲರಿಗೂ ಒಂದೇ.

"ಬನ್ನಿ, ಬನ್ನಿ. ಮೊದಲನೇ ವಾರ ಚೆನ್ನಾಗಿರುತ್ತೆ."

ಅವರು ಆ ಕೆಲಸಕ್ಕೆ ಸೇರಿ ಆಗ ಇಪ್ಪತ್ತೊಂದು ವರ್ಷ. ಹೊರದೇಶಗಳಿಂದ ಹಡಗಿನಲ್ಲಿ ಬರುವ ಬಿಯರನ್ನು ಇಳಿಸಿಕೊಂಡು, ತಂಪಾಗಿಟ್ಟು, ಅಂಗಡಿಗಳಿಗೂ ಹೋಟೆಲುಗಳಿಗೂ ಕಳಿಸುವ ಕಂಪನಿ ಅದು. ಕೆಳಗೆ ಗೋದಾಮು, ಅದರ ಹಿಂದೆ ಶೀತಲ ಕೋಣೆ, ಮಹಡಿಯ ಮೇಲೆ ಲ್ಯಾಬ್. ಬಂದ ಪ್ರತಿ ಸರಕಿನಿಂದ ಆರು ಬಾಟಲಿ ಮೇಲೆ ಬರುತ್ತಿದ್ದವು. ಆಲ್ಕೋಹಾಲ್ ಎಷ್ಟು, ಹುಳಿ ಎಷ್ಟು, ಕರಗಿರುವ ಅನಿಲ ಎಷ್ಟು ಎಂದು ಅಳೆದು ಬರೆಯುವುದು ನನ್ನ ಪಾಲು. ರುಚಿ ನೋಡಿ, ಮಾರಬಹುದೋ ಬಾರದೋ ಎಂದು ಸಹಿ ಹಾಕುವುದು ಅಕ್ಕನ ಪಾಲು. ನನ್ನ ಅಂಕಿಗಳೆಲ್ಲ ಸರಿಯಾಗಿದ್ದರೂ ಅಕ್ಕ ಬೇಡವೆಂದು ತಲೆಯಾಡಿಸಿದರೆ ಸರಕು ಅಲ್ಲಿಗೇ ನಿಲ್ಲುತ್ತಿತ್ತು. ಅವರಿಗಿಂತ ಆರು ವರ್ಷ ಹಿರಿಯರಾದ ಮ್ಯಾನೇಜರು ಕೂಡ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ರುಚಿಯ ಕೋಣೆ ಲ್ಯಾಬಿನ ಮೂಲೆಯಲ್ಲಿತ್ತು. ಹತ್ತಡಿಗೆ ಎಂಟಡಿ. ಗೋಡೆಗೆ ಬೂದು ಬಣ್ಣ, ಕಣ್ಣು ಎಲ್ಲಿಯೂ ನಿಲ್ಲಬಾರದೆಂದು. ಒಂದು ಮೇಜು, ಒಂದು ಕುರ್ಚಿ, ಒಂದು ತೊಟ್ಟಿ, ಕುದಿಸಿ ಆರಿಸಿದ ನೀರು, ಉಪ್ಪಿಲ್ಲದ ಬ್ರೆಡ್ಡಿನ ತುಂಡುಗಳು. ಬಿಯರಿನ ಬಣ್ಣ ಕಾಣದಂತೆ ಕಡುಗಂದು ಗಾಜಿನ ಲೋಟಗಳು. ಪ್ರತಿ ಪರೀಕ್ಷೆಗೆ ಮೂರು ಲೋಟ. ಎರಡರಲ್ಲಿ ಒಂದೇ ಬಿಯರು, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಎಂದು ಹೇಳಬೇಕು, ಹೇಗೆ ಬೇರೆ ಎಂದು ಬರೆಯಬೇಕು. ಲೋಟಗಳಿಗೆ ಮೂರಂಕಿಯ ಸಂಖ್ಯೆ ಅಂಟಿಸಿ ಸುರಿದಿಡುವವನು ನಾನು. ಒಳಗೆ ಏನಿದೆ ಎನ್ನುವುದು ನನಗೆ ಮಾತ್ರ ಗೊತ್ತು. ಪ್ರತಿ ಲೋಟದಿಂದ ಎರಡೇ ಗುಟುಕು. ವೈನಿನ ರುಚಿ ನೋಡುವವರಂತೆ ಇಲ್ಲಿ ಉಗಿಯುವಂತಿಲ್ಲ. ಬಿಯರಿನ ಕಹಿ ಕೊನೆಗೆ ಸಿಗುವುದು ಗಂಟಲ ಹತ್ತಿರ, ಹಾಗಾಗಿ ನುಂಗಲೇಬೇಕು.

ಹತ್ತೂವರೆಗೆ ಏಕೆಂದರೆ, ಆ ಹೊತ್ತಿಗೆ ತಿಂಡಿಯ ರುಚಿ ಬಾಯಿಂದ ಹೋಗಿರುತ್ತದೆ, ಊಟದ ಹಸಿವು ಇನ್ನೂ ಬಂದಿರುವುದಿಲ್ಲ. ಆ ತಿಂಡಿಗೂ ನಿಯಮಗಳಿದ್ದವು. ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಖಾರವಿಲ್ಲ, ಕಾಫಿಯಿಲ್ಲ. ಸೋಪಿಗೆ ವಾಸನೆ ಇರಬಾರದು, ತಲೆಗೆ ಹೂವಿಲ್ಲ. ಅಕ್ಕನ ಗಂಡ ಗಡಿಯಾರ ರಿಪೇರಿ ಮಾಡುವವರು, ಮಾತು ಕಡಿಮೆ. ಒಮ್ಮೆ ನಾನು ಅವರ ಮನೆಗೆ ಹೋಗಿದ್ದಾಗ ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯದೆ ದೂರು ಹೇಳಿದರು.

"ನೋಡಪ್ಪಾ, ನಮ್ಮನೇಲಿ ಬೆಳಿಗ್ಗೆ ಆಸ್ಪತ್ರೆ ಊಟ, ಸಾಯಂಕಾಲ ಮನುಷ್ಯರ ಊಟ. ಇಪ್ಪತ್ತು ವರ್ಷ ಆಯ್ತು. ಬಿಯರು ಕುಡಿಯೋಳು ಇವಳು, ಪಥ್ಯ ನನಗೆ."

"ನೀವು ಹೋಟೆಲಲ್ಲಿ ತಿನ್ನಿ, ಯಾರು ಬೇಡ ಅಂದ್ರು?" ಒಳಗಿನಿಂದ ಅಕ್ಕ ಕೂಗಿದರು.

"ತಿಂದು ಬಂದ್ರೆ ಹತ್ತಿರ ಬರಬೇಡಿ ಅಂತೀಯಲ್ಲ!"

ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಅಕ್ಕ ನನಗೆ ಲೋಕದ ಬಿಯರುಗಳನ್ನು ಕಲಿಸಿದ್ದರು. ಪರೀಕ್ಷೆ ಮುಗಿದ ಮೇಲೆ ಉಳಿದ ಬಾಟಲಿಗಳನ್ನು ಸಾಲಾಗಿಟ್ಟು, ಹಗುರದಿಂದ ಗಟ್ಟಿಯ ಕಡೆಗೆ. ಮೊದಲು ಜಪಾನಿನದು. ಅದರಲ್ಲಿ ಬಾರ್ಲಿಯ ಜೊತೆ ಅಕ್ಕಿಯೂ ಸೇರಿರುತ್ತದೆ. ನಾಲಿಗೆಯ ಮೇಲೆ ಬಂದು, ಏನನ್ನೂ ಬಿಡದೆ ಒಣಗಿಸಿಕೊಂಡು ಹೋಗುತ್ತದೆ. "ಇದು ಮರ್ಯಾದಸ್ತ ನೆಂಟ. ಬಂದ, ಕೂತ, ಎದ್ದ" ಎಂದಿದ್ದರು. ಆಮೇಲೆ ಜರ್ಮನಿಯ ಗೋಧಿ ಬಿಯರು, ಬಾಟಲಿಯ ತಳದ ಯೀಸ್ಟಿನಿಂದ ಮಬ್ಬಾಗಿ, ಮಾಗಿದ ಬಾಳೆಹಣ್ಣು ಮತ್ತು ಲವಂಗದ ವಾಸನೆ. ಬಾಳೆಯೂ ಇಲ್ಲ, ಲವಂಗವೂ ಇಲ್ಲ, ಎರಡನ್ನೂ ಯೀಸ್ಟೇ ಮಾಡುತ್ತದೆ ಎಂದಾಗ ನಾನು ನಂಬಿರಲಿಲ್ಲ. ಅದೇ ದೇಶದ ಇನ್ನೊಂದು, ಹೊಗೆಯಲ್ಲಿ ಒಣಗಿಸಿದ ಬಾರ್ಲಿಯದು. ಮೊದಲ ಗುಟುಕಿಗೆ ಬೆಂಕಿ ಆರಿದ ಅಡುಗೆಮನೆ, ಮೂರನೆಯದಕ್ಕೆ ಅದು ಕೂಡ ಬೇಕೆನಿಸುತ್ತದೆ. ಬೆಲ್ಜಿಯಂನ ಹುಳಿ ಬಿಯರು ಕಣ್ಣು ಮುಚ್ಚಿಸಿತು. ಐರ್ಲೆಂಡಿನ ಕಪ್ಪು ಬಿಯರು ನೋಡಲು ಭಾರ, ಕುಡಿಯಲು ಹಗುರ, ಹುರಿದ ಕಾಫಿಬೀಜದ ಒಣ ಕಹಿ.

ಕೊನೆಗೆ ಉಳಿದದ್ದು ಜೆಕ್ ನಾಡಿನ ಹೊಂಬಣ್ಣದ ಬಿಯರು. ಸರಳವಾದದ್ದು, ಬಾರ್ಲಿ, ನೀರು, ಯೀಸ್ಟ್, ಕಹಿ ಕೊಡುವ ಹಾಪ್ಸ್ ಹೂ, ಅಷ್ಟೇ. "ಇದರಲ್ಲಿ ಅಡಗಿಕೊಳ್ಳೋಕೆ ಜಾಗ ಇಲ್ಲ" ಎಂದಿದ್ದರು ಅಕ್ಕ. "ಉಳಿದವು ತಪ್ಪು ಮಾಡಿದ್ರೆ ಹೊಗೆ ಹಿಂದೆ, ಹುಳಿ ಹಿಂದೆ ಬಚ್ಚಿಟ್ಟುಕೊಳ್ತವೆ. ಇದಕ್ಕೆ ಆಗಲ್ಲ. ನಿನಗೆ ನಾಲಿಗೆ ಇದೆಯೋ ಇಲ್ವೋ ಅನ್ನೋದು ಇದರಲ್ಲೇ ಗೊತ್ತಾಗೋದು." ಅದರಲ್ಲಿ ಜೇನಿನ ಒಂದು ಎಳೆ ಇತ್ತು, ಒಣ ಕಾಗದದಂಥ ಒಂದು ಮೃದುತನ. ಅವರು ಅದನ್ನು ಬೆರಳಿಟ್ಟು ತೋರಿಸುವಂತೆ ತೋರಿಸಿಕೊಟ್ಟರು. ಇವತ್ತಿಗೂ ಆ ರುಚಿ ನನಗೆ ನೆನಪಿದೆ.

ಅದು ಆರು ವರ್ಷದ ಹಿಂದಿನ ಮಾತು. ಆಮೇಲೆ ಅಕ್ಕ ಅಷ್ಟು ಮಾತಾಡಿದ್ದು ಕಡಿಮೆ. ಸರಕು ಹೆಚ್ಚಾಯಿತು. ದಿನಕ್ಕೆ ನಾಲ್ಕು ಮಾದರಿ ಇದ್ದದ್ದು ಏಳಾಯಿತು, ಕೆಲವು ದಿನ ಹನ್ನೊಂದು. ಅವರ ಟಿಪ್ಪಣಿಗಳು ಚಿಕ್ಕವಾಗುತ್ತ ಬಂದವು. ಮನೆಯಲ್ಲಾಗಲಿ ಮದುವೆಗಳಲ್ಲಾಗಲಿ ಅವರು ಬಿಯರನ್ನು ಮುಟ್ಟುತ್ತಿರಲಿಲ್ಲ. ಯಾರಾದರೂ ಕೊಟ್ಟರೆ "ಡ್ಯೂಟಿ ಮುಗೀತು" ಎನ್ನುತ್ತಿದ್ದರು. ಒಂದು ಲೋಟವನ್ನು ಪೂರ್ತಿ ಕುಡಿದು ಎಷ್ಟು ವರ್ಷವಾಯಿತು ಎಂದು ಒಮ್ಮೆ ಕೇಳಿದೆ. ಅವರು ಲೆಕ್ಕ ಹಾಕಲು ಹೋಗಿ, ನಡುವೆಯೇ ಬಿಟ್ಟುಬಿಟ್ಟರು.

ಇನ್ನು ಮಾದರಿ ಬಾಟಲಿಯ ವಿಷಯ. ಹೊಸ ಸರಕು ಸರಿಯಿದೆಯೇ ಎಂದು ಹೇಳಲು ಯಾವುದಕ್ಕಾದರೂ ಹೋಲಿಸಬೇಕಲ್ಲ. ಲ್ಯಾಬಿನಲ್ಲಿ ಬೀಗ ಹಾಕಿದ ಒಂದು ಫ್ರಿಜ್ ಇತ್ತು. ಅದರಲ್ಲಿ ಪ್ರತಿ ಬಿಯರಿನ ಎರಡು ಡಜನ್ ಮಾದರಿ ಬಾಟಲಿಗಳು, ಕುತ್ತಿಗೆಗೆ ನೀಲಿ ದಾರ. ಹೊಸದನ್ನು ನೀಲಿ ದಾರದ್ದಕ್ಕೆ ಹೋಲಿಸಿ, ವ್ಯತ್ಯಾಸ ಸಿಗದಿದ್ದರೆ ಪಾಸು. ನೀಲಿ ದಾರದವು ಆರಕ್ಕಿಳಿದಾಗ, ಪಾಸಾದ ಸರಕಿನಿಂದಲೇ ಹೊಸ ಬಾಟಲಿ ತೆಗೆದು ದಾರ ಕಟ್ಟುವುದು. ಈ ಪದ್ಧತಿಯನ್ನು ಅಕ್ಕ ಬರುವ ಮೊದಲೇ ಯಾರೋ ಮಾಡಿದ್ದರು. ಅಚ್ಚುಕಟ್ಟಾಗಿತ್ತು. ಅದರಲ್ಲಿ ಏನು ತಪ್ಪಿದೆ ಎಂದು ನಾನೂ ಯೋಚಿಸಿರಲಿಲ್ಲ, ಯೋಚಿಸುವುದು ನನ್ನ ಕೆಲಸವಾಗಿದ್ದರೂ.

ಅಕ್ಕ ಸೇರಿ ಇಪ್ಪತ್ತೊಂದು ವರ್ಷವಾಗಿದ್ದ ಆ ಬೇಸಿಗೆಯ ಕೊನೆಯಲ್ಲಿ ಒಂದು ವಾರ ಸರಕಿನ ಮೇಲೆ ಸರಕು ಬಂತು. ಗುರುವಾರದ ಹೊತ್ತಿಗೆ ಅಕ್ಕನ ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತ್ತು. ಅಂದಿನ ಒಂಬತ್ತನೆಯ ಮಾದರಿ ಜೆಕ್ ಬಿಯರು. ಮೂರು ಲೋಟದ ವಾಸನೆ ನೋಡಿದರು, ಎರಡು ಸುತ್ತು ಗುಟುಕರಿಸಿದರು. ಒಂದು ನಿಮಿಷವೂ ಆಗಿರಲಿಲ್ಲ.

"ನಾನೂರ ಹದಿನೇಳು" ಎಂದರು. "ಇದು ಬೇರೆ. ಎಷ್ಟು ಬೇರೆ ಅಂದ್ರೆ ನೆಗಡಿ ಆದೋರಿಗೂ ಗೊತ್ತಾಗುತ್ತೆ."

ನಿಯಮದಂತೆ, ಸಂಖ್ಯೆ ಕಾಣದ ಹಾಗೆ ಅಕ್ಕ ಲೋಟಗಳ ಜಾಗ ಬದಲಿಸಿದ ಮೇಲೆ ನಾನೂ ನೋಡಿದೆ. ನಾನೂ ಅದನ್ನೇ ಆರಿಸಿದೆ. ಹೊಸ ಸರಕಿನದು ಅದೇ. ಕಹಿ ಚೂಪಾಗಿತ್ತು, ಆಗತಾನೆ ಕತ್ತರಿಸಿದ ಹುಲ್ಲಿನ ವಾಸನೆ, ಜೇನು ಎಲ್ಲಿಯೂ ಇಲ್ಲ. ಅಕ್ಕ ಫಾರ್ಮಿನಲ್ಲಿ ಅಷ್ಟನ್ನೂ ಬರೆದು 'ತಿರಸ್ಕೃತ' ಎಂದು ಹಾಕಿದರು. ಫಾರ್ಮಿನ ಕೊನೆಯಲ್ಲಿ 'ಸಂಭವನೀಯ ಕಾರಣ' ಎಂಬ ಕಾಲಮ್ಮಿತ್ತು. ಖಾಲಿ ಬಿಡಬಹುದಿತ್ತು. ಇನ್ನೂ ಎರಡು ಮಾದರಿ ಬಾಕಿಯಿದ್ದವು, ಅಕ್ಕ ತಲೆ ಎತ್ತದೆ ಅಭ್ಯಾಸಬಲದಿಂದ ಬರೆದರು: 'ಶೀತಲ ಕೋಣೆಯಲ್ಲಿ ಉಷ್ಣತೆ ಏರಿರಬಹುದು.'

ಶೀತಲ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಸ್ವೆಟರಣ್ಣ ಎನ್ನುತ್ತಿದ್ದರು. ಹೊರಗೆ ಮೂವತ್ತೆಂಟು ಡಿಗ್ರಿ ಇರಲಿ, ನಲವತ್ತಿರಲಿ, ಅವರ ಮೈಮೇಲೆ ಮೊಣಕೈ ಸವೆದ ಕಂದು ಸ್ವೆಟರು. ಒಳಗೆ ನಾಲ್ಕು ಡಿಗ್ರಿ, ಹೊರಗೆ ಕುಲುಮೆ, ದಿನಕ್ಕೆ ಐವತ್ತು ಸಲ ಅಲ್ಲಿಂದಿಲ್ಲಿಗೆ. ಹದಿನೇಳು ವರ್ಷದಲ್ಲಿ ಮಂಡಿಗಳು ಹೋಗಿದ್ದವು. ಕೋಣೆಯ ಉಷ್ಣತೆಯನ್ನು ದುಂಡನೆಯ ಕಾಗದದ ಮೇಲೆ ಗೀಚುವ ಒಂದು ಯಂತ್ರವಿತ್ತು. ಅದರ ಪೆನ್ನಿನ ಇಂಕು ಒಣಗಿ, ಆ ವಾರ ಎರಡು ದಿನ ಗೆರೆಯೇ ಬಿದ್ದಿರಲಿಲ್ಲ. ಸ್ವೆಟರಣ್ಣ ಹೊಸ ಪೆನ್ನಿಗೆ ಚೀಟಿ ಬರೆದಿದ್ದರು. ಚೀಟಿ ಯಾವುದೋ ಮೇಜಿನ ಮೇಲಿತ್ತು.

ಅಕ್ಕನ ಫಾರ್ಮು, ಗೆರೆಯಿಲ್ಲದ ಎರಡು ದಿನ. ಮ್ಯಾನೇಜರಿಗೆ ಅಷ್ಟು ಸಾಕಾಯಿತು. ಸೋಮವಾರ ಸ್ವೆಟರಣ್ಣನ ಕೈಗೆ ಪತ್ರ ಬಂತು. ವಿಚಾರಣೆ ಮೂರು ವಾರದ ನಂತರ, ಅಲ್ಲಿಯವರೆಗೆ ಮನೆಯಲ್ಲಿರಬೇಕು, ತಪ್ಪು ಸಾಬೀತಾದರೆ ಕೆಲಸದಿಂದ ವಜಾ. ಸರಕನ್ನು ಕೆಂಪು ಪಟ್ಟಿ ಸುತ್ತಿ ಶೀತಲ ಕೋಣೆಯ ಮೂಲೆಯಲ್ಲಿಟ್ಟರು.

ಸ್ವೆಟರಣ್ಣ ಲ್ಯಾಬಿಗೆ ಹತ್ತಿ ಬಂದರು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. ಸ್ವೆಟರನ್ನು ತೆಗೆದು ಕೈಯಲ್ಲಿ ಹಿಡಿದಿದ್ದರು, ಅದಿಲ್ಲದೆ ಅವರ ಗುರುತೇ ಸಿಗಲಿಲ್ಲ.

"ಅಕ್ಕಾ, ನಾನು ಜಗಳಕ್ಕೆ ಬಂದಿಲ್ಲ" ಎಂದರು. "ಕೋಣೆ ಬಿಸಿಯಾಗಿರಲಿಲ್ಲ. ಪೆನ್ನಿಲ್ದೇ ಇದ್ರೇನು, ನನ್ನ ಮೂಳೆ ಹೇಳುತ್ತೆ. ಆದ್ರೆ ಮೂಳೆ ಮಾತನ್ನ ಅವರು ಬರ್ಕೊಳ್ಳಲ್ಲ. ನಂಗೊಂದೇ ಹೇಳಿ. ಬಿಸಿಯಾದ್ರೆ ಈ ಬಿಯರು ಹೀಗೇ ಆಗುತ್ತಾ?"

"ಬಿಸಿಯಾದ್ರೆ ಕೆಡುತ್ತಪ್ಪ."

"ಕೆಡುತ್ತೆ ಸರಿ. *ಹೀಗೇ* ಕೆಡುತ್ತಾ ಅಂತ ಕೇಳಿದ್ದು."

ಅಕ್ಕ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟರು. ಸ್ವೆಟರಣ್ಣ "ನಿಮಗೂ ಸುಸ್ತಾಗಿರುತ್ತೆ, ಬರ್ತೀನಿ" ಎಂದು ಹೋದರು. ಮೆಟ್ಟಿಲಿಳಿಯುವುದು ಅವರಿಗೆ ಹತ್ತುವುದಕ್ಕಿಂತ ಕಷ್ಟ. ಒಂದೊಂದು ಹೆಜ್ಜೆಯೂ ನಮಗೆ ಕೇಳಿಸಿತು.

ಸದ್ದು ನಿಂತ ಮೇಲೆ ಅಕ್ಕ ನನ್ನ ಕಡೆ ತಿರುಗಿದರು. "ಹೀಗೇ ಕೆಡುತ್ತೇನೋ?"

"ನಾವು ಬಿಸಿ ಮಾಡಿ ನೋಡಿಲ್ಲ."

"ಇಪ್ಪತ್ತೊಂದು ವರ್ಷದಲ್ಲಿ ನೋಡಿಲ್ಲ" ಎಂದರು ಅಕ್ಕ. "ಮಾಡು."

ಪರೀಕ್ಷೆ ಕಷ್ಟದ್ದಲ್ಲ. ಸೂಕ್ಷ್ಮಜೀವಿಗಳನ್ನು ಬೆಳೆಸಲು ಲ್ಯಾಬಿನಲ್ಲಿ ಒಂದು ಬಿಸಿ ಪೆಟ್ಟಿಗೆ ಇತ್ತು, ಹೇಳಿದ ಉಷ್ಣತೆಯನ್ನು ಅಲುಗದೆ ಹಿಡಿದಿಡುವಂಥದ್ದು. ಅದನ್ನು ನಲವತ್ತು ಡಿಗ್ರಿಗೆ ಇಟ್ಟೆ. ಹಿಂದಿನ ಸರಕಿನಲ್ಲಿ ಪಾಸಾಗಿದ್ದ ಜೆಕ್ ಬಿಯರಿನ ಆರು ಬಾಟಲಿ ಒಳಗಿಟ್ಟೆ. ಕೋಣೆ ಬಿಸಿಯಾದದ್ದೇ ಕಾರಣವಾಗಿದ್ದರೆ, ಒಳ್ಳೆಯ ಬಿಯರನ್ನು ಕಾಯಿಸಿದಾಗ ಅದು ತಿರಸ್ಕೃತ ಬಿಯರಿನಂತಾಗಬೇಕು. ಜಾಗ ಉಳಿದಿತ್ತು. ಲೆಕ್ಕ ಪೂರ್ತಿಯಾಗಲಿ ಎಂದು ಕೆಂಪು ಪಟ್ಟಿಯ ಸರಕಿನಿಂದಲೂ ಆರು ತಂದು ಪಕ್ಕಕ್ಕಿಟ್ಟೆ. ಒಂಬತ್ತು ದಿನ.

ಆ ಒಂಬತ್ತು ದಿನ ಅಕ್ಕ ಎಂದಿನಂತೆ ಬಂದರು, ಎಂದಿನಂತೆ ಎರಡೆರಡು ಗುಟುಕು ನುಂಗಿದರು. ಮಧ್ಯಾಹ್ನ ಕಿಟಕಿಯ ಬಳಿ ನಿಂತು ಕೆಳಗೆ ನೋಡುತ್ತಿದ್ದರು. ಶೀತಲ ಕೋಣೆಯ ಬಾಗಿಲಲ್ಲಿ ಸೆಕ್ಯುರಿಟಿಯವರನ್ನು ಕೂರಿಸಿದ್ದರು, ಅವರಿಗೆ ಶೀತಲ ಕೋಣೆಯ ಕೆಲಸ ಗೊತ್ತಿಲ್ಲ, ಬಾಗಿಲು ತೆರೆದೇ ಇಡುತ್ತಿದ್ದರು. "ಬಾಗಿಲು ಹಾಕ್ರೀ!" ಎಂದು ಅಕ್ಕ ಮೇಲಿನಿಂದ ಕೂಗುವುದು ದಿನಕ್ಕೆ ನಾಲ್ಕು ಸಲವಾಯಿತು. ಇಷ್ಟು ವರ್ಷ ಯಾರೂ ಹಾಗೆ ಕೂಗಬೇಕಾಗಿರಲಿಲ್ಲ.

ಹತ್ತನೆಯ ದಿನ ಬಾಟಲಿಗಳನ್ನು ತೆಗೆದು ತಣ್ಣಗಾಗಿಸಿ, ಹನ್ನೊಂದನೆಯ ದಿನ ಬೆಳಿಗ್ಗೆ ಲೋಟಗಳನ್ನಿಟ್ಟೆ. ಮೊದಲು ಕಾಯಿಸಿದ ಹಳೆ ಸರಕು, ಕಾಯಿಸದ ತಿರಸ್ಕೃತ ಸರಕಿನ ಎದುರು. ಅಕ್ಕ ವಾಸನೆ ನೋಡಿಯೇ ಹಿಂದೆ ಸರಿದರು.

"ಇವೆರಡೂ ಒಂದೇ ಅಲ್ಲ. ಒಂದು ಪೂರ್ವ, ಒಂದು ಪಶ್ಚಿಮ. ಈ ಇನ್ನೂರ ಅರವತ್ತು ಇದೆಯಲ್ಲ, ಒದ್ದೆಯಾದ ರಟ್ಟಿನ ಪೆಟ್ಟಿಗೆ. ಜೇನು ಜಾಸ್ತಿಯಾಗಿ ಮುಗ್ಗಲಾಗಿದೆ."

ಇನ್ನೂರ ಅರವತ್ತು ಕಾಯಿಸಿದ ಹಳೆ ಸರಕು. ಬಿಸಿ ಅದನ್ನು ಕೆಡಿಸಿತ್ತು, ಆದರೆ ಹುಲ್ಲಿನ ವಾಸನೆಯ ಕಡೆಗೆ ಅಲ್ಲ, ಅದರಿಂದ ಇನ್ನಷ್ಟು ದೂರಕ್ಕೆ. ಸ್ವೆಟರಣ್ಣನ ಪ್ರಶ್ನೆಗೆ ಉತ್ತರ ಅಲ್ಲಿಗೇ ಸಿಕ್ಕಿತ್ತು. ಹೀಗೆ ಕೆಡುವುದಿಲ್ಲ.

ನಂತರ ಎರಡನೆಯದು. ಕೆಂಪು ಪಟ್ಟಿಯ ಸರಕು, ಒಂಬತ್ತು ದಿನ ಕಾಯಿಸಿದ್ದು, ನೀಲಿ ದಾರದ ಮಾದರಿ ಬಾಟಲಿಯ ಎದುರು. ಯಾವುದು ಯಾವುದೆಂದು ಅಕ್ಕನಿಗೆ ಗೊತ್ತಿಲ್ಲ. ಈ ಸಲ ಅವರು ಬಹಳ ಹೊತ್ತು ತೆಗೆದುಕೊಂಡರು. ನೀರು ಕುಡಿದರು, ಬ್ರೆಡ್ಡು ಅಗಿದರು, ಮತ್ತೆ ಮೊದಲಿನಿಂದ. ಒಂದು ಸಂಖ್ಯೆ ಹೇಳಿದರು. ತಪ್ಪಾಗಿತ್ತು. ನಾನು ಏನೂ ಹೇಳದೆ ಮತ್ತೆ ಮೂರು ಲೋಟ ಇಟ್ಟೆ. ದಿನಕ್ಕೆ ಮೂರರಂತೆ ಮೂರು ದಿನ, ಒಟ್ಟು ಒಂಬತ್ತು ಸಲ. ಅಕ್ಕ ಸರಿಯಾಗಿ ಹೇಳಿದ್ದು ಮೂರು. ಮೂರು ಲೋಟದಲ್ಲಿ ಒಂದನ್ನು ಕಣ್ಣುಮುಚ್ಚಿ ಮುಟ್ಟಿದರೂ ಒಂಬತ್ತಕ್ಕೆ ಮೂರು ಸರಿ ಬರುತ್ತದೆ.

ಫಲಿತಾಂಶದ ಹಾಳೆಯನ್ನು ಅವರ ಮುಂದಿಟ್ಟೆ. ಅವರು ಓದುವ ರೀತಿ ನನಗೆ ಗೊತ್ತು, ಎಡದಿಂದ ಬಲಕ್ಕೆ, ಒಂದು ಸಾಲೂ ಬಿಡದೆ.

"ಅಂದ್ರೆ" ಎಂದರು ಅಕ್ಕ, "ಕೆಟ್ಟದ್ದು ಅಂದಿದ್ದನ್ನ ಒಂಬತ್ತು ದಿನ ಬೇಯಿಸಿದ್ರೆ ನಮ್ಮ ಒಳ್ಳೇದು ಆಗುತ್ತೆ."

"ಹೌದಕ್ಕ."

"ಅಂದ್ರೆ ಬೆಂದಿರೋದು ನಮ್ಮ ಮಾದರಿ."

ಎಲ್ಲಿ ಬೆಂದಿತು ಎಂದು ತಿಳಿಯಬೇಕಿತ್ತು. ಖರೀದಿ ವಿಭಾಗದ ಫೈಲನ್ನು ಅಂದೇ ತರಿಸಿದೆವು. ಹಿಂದೆಲ್ಲ ಆ ಬಿಯರು ಸಾದಾ ಕಂಟೇನರಿನಲ್ಲಿ, ಬಂದರಿನಿಂದ ಬಂದರಿಗೆ ಬಿಸಿಲಲ್ಲಿ ಕಾಯುತ್ತ, ತುಂಬಿದ ನಾಲ್ಕು ತಿಂಗಳಿಗೆ ನಮ್ಮಲ್ಲಿಗೆ ಬರುತ್ತಿತ್ತು. ಈ ಸಲ ಖರೀದಿಯವರು ತಂಪು ಕಂಟೇನರು, ನೇರ ಹಡಗು ಹಿಡಿದಿದ್ದರು. ಮೂವತ್ತೊಂದನೆಯ ದಿನಕ್ಕೆ ಬಂದಿಳಿದಿತ್ತು. ಲ್ಯಾಬಿಗೆ ಅದನ್ನು ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮಾದರಿ ಬಾಟಲಿಯ ಹಿಂದಿನ ಮಾದರಿ, ಅದರ ಹಿಂದಿನದು, ಎಲ್ಲವೂ ಬಿಸಿಲು ತಿಂದೇ ಬಂದವು. ಒಂದು ಇನ್ನೊಂದಕ್ಕೆ ಹೊಂದುತ್ತಿತ್ತು, ಹೊಂದಿದ್ದಕ್ಕೆ ದಾರ ಕಟ್ಟುತ್ತಿದ್ದೆವು. ಹಾಪ್ಸ್ ಹೂವಿನ ಹಸಿ ಕಹಿ ದಾರಿಯಲ್ಲೇ ಸತ್ತು, ಮುದಿತನದ ಜೇನು ಮತ್ತು ಕಾಗದ ಉಳಿದದ್ದನ್ನೇ ಆ ಬಿಯರು ಎಂದು ಕಲಿತಿದ್ದೆವು. ಅಕ್ಕ ಕಲಿತಿದ್ದರು, ನನಗೆ ಕಲಿಸಿದ್ದರು. ನಿಜವಾದದ್ದು ಮೊದಲ ಸಲ ಬಾಗಿಲಿಗೆ ಬಂದಾಗ ಹೊರಗೆ ಹಾಕಿದೆವು.

ವಿಚಾರಣೆಗೆ ಇನ್ನೂ ವಾರದ ಮೇಲೆ ಸಮಯವಿತ್ತು. ಅಕ್ಕ ಹಾಳೆ ತೆಗೆದುಕೊಂಡು ಮ್ಯಾನೇಜರ ಕೋಣೆಗೆ ಹೊರಟರು. ಅಂಕಿ ವಿವರಿಸಲು ನನ್ನನ್ನೂ ಕರೆದರು.

ಮ್ಯಾನೇಜರು ಎರಡು ಸಲ ಓದಿದರು. "ಹಾಗಾದ್ರೆ ಇಷ್ಟು ವರ್ಷ ನಾವು ಮಾರಿದ್ದೆಲ್ಲ ಹಳಸಲಾ ಅಕ್ಕ?"

"ಹಳಸಲು ಅನ್ನಲ್ಲ. ವಯಸ್ಸಾದದ್ದು. ಕುಡಿದೋರು ಯಾರೂ ಬೇಡ ಅಂದಿಲ್ಲ. ಅವರಿಗೂ ಬೇರೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ."

"ಇದನ್ನ ಹೀಗೇ ಬರೆದು ಕಳಿಸಿದ್ರೆ ಮೇಲಿನೋರು ಮೊದಲು ನಿಮ್ಮನ್ನ ಕೇಳ್ತಾರೆ. ಒಂದು ಕೆಲಸ ಮಾಡೋಣ. 'ಸಾಕ್ಷ್ಯ ಸಾಲದು' ಅಂತ ವಿಚಾರಣೆ ಮುಚ್ಚಿಬಿಡೋಣ. ಅವನೂ ಕೆಲಸಕ್ಕೆ ಬರ್ತಾನೆ, ನಿಮ್ಮ ನಾಲಿಗೆಗೆ ಇರೋ ಹೆಸರೂ ಉಳಿಯುತ್ತೆ. ಯಾರಿಗೆ ಏನು ತೊಂದ್ರೆ?"

ಅಕ್ಕ ಕುರ್ಚಿ ಎಳೆದುಕೊಂಡು ಕೂತರು. ಆ ಕೋಣೆಯಲ್ಲಿ ಅವರು ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಸಾಕ್ಷ್ಯ ಸಾಲದು ಅಂದ್ರೆ ತಪ್ಪು ಮಾಡಿದಾನೆ, ಕೈಗೆ ಸಿಕ್ಕಿಲ್ಲ ಅಂತ. ನಾಳೆ ಇನ್ಯಾವುದೋ ಬಾಟ್ಲಿ ಕೆಟ್ರೆ ಎಲ್ಲರೂ ಮೊದಲು ತಿರುಗಿ ನೋಡೋದು ಅವನ ಕಡೆ. ಅವನು ತಪ್ಪು ಮಾಡಿಲ್ಲ ಸಾರ್. ಆ ಬಿಯರನ್ನ ಅದು ಇರಬೇಕಾದ ಹಾಗೆ ಇಟ್ಟುಕೊಂಡಿದ್ದೋನು ಈ ಬಿಲ್ಡಿಂಗಲ್ಲಿ ಅವನೊಬ್ನೇ."

"ಅಕ್ಕ, ನಿಮ್ಮ ಒಳ್ಳೇದಕ್ಕೇ—"

"ಗೊತ್ತು. ನಂಗೆ ವಾದ ಮಾಡೋಕೆ ಶಕ್ತಿ ಇಲ್ಲ. ಬರೆದುಕೊಂಡೇ ಬಂದಿದೀನಿ."

ಕೈಬರಹದ ಅರ್ಧ ಪುಟ. 'ದಿನಾಂಕ ಇಷ್ಟರಂದು ನಾನು ನೀಡಿದ ತಿರಸ್ಕಾರ ತಪ್ಪು. ಸರಕು ಉತ್ತಮ ಸ್ಥಿತಿಯಲ್ಲಿದೆ. ಕಾರಣದ ಕಾಲಮ್ಮಿನಲ್ಲಿ ನಾನು ಬರೆದದ್ದು ಪರೀಕ್ಷಿಸಿ ಬರೆದದ್ದಲ್ಲ. ಶೀತಲ ಕೋಣೆಯ ಮೇಲ್ವಿಚಾರಕರಿಗೂ ಇದಕ್ಕೂ ಸಂಬಂಧವಿಲ್ಲ.' ಕೆಳಗೆ ಸಹಿ. ನಾನು ಅದರ ಕೆಳಗೆ ನನ್ನದನ್ನೂ ಹಾಕಿದೆ. ಅದೇ ಲೋಟವನ್ನು ಆರಿಸಿದವನು ನಾನೂ ಹೌದಲ್ಲ. ಮ್ಯಾನೇಜರು ನಿಟ್ಟುಸಿರು ಬಿಟ್ಟು ಫೈಲಿಗೆ ಸೇರಿಸಿದರು.

ವಿಚಾರಣೆ ನಡೆಯಲೇ ಇಲ್ಲ. ಮುಂದಿನ ಸೋಮವಾರ ಸ್ವೆಟರಣ್ಣ ವಾಪಸ್ಸು ಬಂದರು, ತಪ್ಪಿಲ್ಲವೆಂಬ ಪತ್ರವೂ ಅದರ ಜೊತೆ ಅಕ್ಕ ಬರೆದುಕೊಟ್ಟದ್ದರ ಪ್ರತಿಯೂ ಜೇಬಿನಲ್ಲಿ, ಸ್ವೆಟರು ಮೈಮೇಲೆ. ಮೇಲಿನವರು ಅಕ್ಕನಿಂದ ವಿವರಣೆ ಕೇಳಿ ಪತ್ರ ಬರೆದರು, ಅಕ್ಕ ಉತ್ತರ ಬರೆದರು, ಅದು ಆರು ವಾರ ಹೋಗಿ ಬಂದು ಮಾಡಿ 'ಮುಂದೆ ಎಚ್ಚರ ವಹಿಸಿ' ಎಂಬಲ್ಲಿಗೆ ಮುಗಿಯಿತು. ನಮ್ಮ ಬೀಗದ ಫ್ರಿಜ್ಜಿನಲ್ಲಿದ್ದ ಜೆಕ್ ಬಿಯರಿನ ಹದಿಮೂರು ಮಾದರಿ ಬಾಟಲಿಗಳನ್ನು ಒಂದೊಂದಾಗಿ ತೆಗೆದು ತೊಟ್ಟಿಗೆ ಸುರಿದೆವು. ಲ್ಯಾಬಿನ ತುಂಬ ಜೇನಿನ ವಾಸನೆ ಹರಡಿತು. ಅಕ್ಕ ಕಿಟಕಿ ತೆರೆದರು.

ಸ್ವೆಟರಣ್ಣ ಬಂದ ದಿನ ನಾಲ್ಕೂವರೆಗೆ ಅಕ್ಕ ಕೆಳಗಿಳಿದರು. ಕೆಂಪು ಪಟ್ಟಿ ಬಿಚ್ಚಿದ ಸರಕಿನ, ಕಾಯಿಸದ ಎರಡು ಬಾಟಲಿ ಪರೀಕ್ಷೆಯಲ್ಲಿ ಉಳಿದಿದ್ದವು, ನಾನು ಅವನ್ನೂ ಮೂರು ಲೋಟಗಳನ್ನೂ ಹಿಡಿದುಕೊಂಡು ಹಿಂದೆ ಹೋದೆ. ತಿಳಿ ಗಾಜಿನವು, ಬಣ್ಣ ಕಾಣುವಂಥವು. ಸರಕು ಇಳಿಸುವ ಕಟ್ಟೆಯ ಮೇಲೆ ಸ್ವೆಟರಣ್ಣ ಮಂಡಿ ನೀವಿಕೊಳ್ಳುತ್ತ ಕೂತಿದ್ದರು.

"ನನ್ನ ತಪ್ಪಾಯ್ತಪ್ಪ" ಎಂದರು ಅಕ್ಕ.

"ಪತ್ರದಲ್ಲಿ ಬರೆದಿದೀರಲ್ಲ. ಮನೇಲಿ ಮೂರು ಸಲ ಓದಿಸಿದ್ರು." ಅವರು ಕಟ್ಟೆಯ ಸಿಮೆಂಟನ್ನು ನೋಡುತ್ತ ಹೇಳಿದರು. "ಹದಿನೇಳು ವರ್ಷ ಒಂದೇ ಬಿಲ್ಡಿಂಗು. ಆ ಕಾಲಮ್ಮು ತುಂಬೋ ಮುಂಚೆ ಒಂದು ಸಲ ಕೆಳಗಿಳಿದು ಬಂದು ಕೇಳಬಹುದಿತ್ತು ಅಕ್ಕ."

"ಕೇಳಬಹುದಿತ್ತು."

"ಹದಿನೆಂಟು ಮೆಟ್ಟಿಲು ಅಷ್ಟೇ."

"ಹೌದು."

ಸುಸ್ತಾಗಿತ್ತೆಂದು ಅಕ್ಕ ನೆಪ ಹೇಳಲಿಲ್ಲ. ನಾನು ಬಾಟಲಿ ತೆರೆದು ಸುರಿದೆ. ಹೊಂಬಣ್ಣ, ಮೇಲೆ ಎರಡು ಬೆರಳು ನೊರೆ. ಸ್ವೆಟರಣ್ಣ ಒಂದೇ ಉಸಿರಿಗೆ ಅರ್ಧ ಇಳಿಸಿ, ಲೋಟವನ್ನು ಬೆಳಕಿಗೆ ಹಿಡಿದರು.

"ಅಯ್ಯೋ! ಇದನ್ನೇನಾ ಕೆಟ್ಟಿದೆ ಅಂದಿದ್ದು? ನೀರು ಹಾಕಿದ ತೋಟದ ತರ ಇದೆಯಲ್ರೀ!"

ಅಕ್ಕ ಕುಡಿಯುತ್ತಿದ್ದರು. ಎರಡು ಗುಟುಕಿಗೆ ನಿಲ್ಲಿಸಲಿಲ್ಲ. ನಿಧಾನವಾಗಿ, ಕೆಲಸ ಮುಗಿಸುವವರಂತೆ, ಅರ್ಧದವರೆಗೆ ಬಂದರು.

"ಹೇಗಿದೆ?" ಎಂದು ಕೇಳಿದೆ.

"ಸರಿಯಾಗಿದೆ. ಕಹಿ ಚೊಕ್ಕ, ಹೂವಿನ ವಾಸನೆ ಚೊಕ್ಕ, ಒಂದು ದೋಷ ಇಲ್ಲ. ಇದೇ ಆ ಬಿಯರು." ಲೋಟವನ್ನು ಕಟ್ಟೆಯ ಮೇಲಿಟ್ಟರು. "ಆದ್ರೆ ನಂಗೆ ಹಿಡಿಸ್ತಾ ಇಲ್ಲ ಕಣೋ. ನಾಲಿಗೆ ಜೇನು ಹುಡುಕ್ತಾ ಇದೆ. ಬೇಡ ಅಂದ್ರೂ ಹುಡುಕ್ತಾ ಇದೆ."

ಸ್ವೆಟರಣ್ಣ ಅವರ ಮುಖ ನೋಡಿದರು. "ಕೊಡಿ ಇಲ್ಲಿ. ನಿಮ್ಮ ಪಾಲಿನ ಕೆಲಸ ನಾನು ಮಾಡ್ತೀನಿ" ಎಂದು ಲೋಟವನ್ನು ತಮ್ಮ ಕಡೆ ಸರಿಸಿಕೊಂಡರು. ಒಬ್ಬರ ಪಕ್ಕ ಒಬ್ಬರು ಕೂತರು. ಶೀತಲ ಕೋಣೆಯ ಬಾಗಿಲು ಗಟ್ಟಿಯಾಗಿ ಮುಚ್ಚಿತ್ತು.

ಮಾರನೆಯ ದಿನ ಹತ್ತೂವರೆಗೆ ಅಕ್ಕ ರುಚಿಯ ಕೋಣೆಗೆ ಬಂದು, ಲೋಟ ಮುಟ್ಟುವ ಮೊದಲು ರಿಜಿಸ್ಟರು ತೆರೆದರು. ಜೆಕ್ ಬಿಯರಿನ ಪುಟದಲ್ಲಿ ಬರೆದರು: 'ಮುಂದಿನ ಆರು ತಿಂಗಳು ಈ ಬಿಯರಿನ ಬಗ್ಗೆ ನನ್ನ ಅಭಿಪ್ರಾಯವನ್ನು ಪರಿಗಣಿಸಬಾರದು. ಪ್ರತಿ ವಾರ ತಾಜಾ ಬಾಟಲಿಯಿಂದ ಅಭ್ಯಾಸ ಮಾಡುತ್ತೇನೆ. ಅಲ್ಲಿಯವರೆಗೆ ತಯಾರಕರು ತುಂಬಿದ ದಿನಾಂಕವನ್ನೂ ಸಾಗಣೆಯ ಉಷ್ಣತೆಯನ್ನೂ ನೋಡಿ ನಿರ್ಧರಿಸುವುದು.' ಸಹಿ ಹಾಕಿ, ದಿನಾಂಕ ಬರೆದು, ಪೆನ್ನಿನ ಮುಚ್ಚಳ ತಿರುಗಿಸಿದರು.

"ಇವತ್ತು ಎಷ್ಟಿವೆ?" ಎಂದು ಕೇಳಿದರು.

"ಎಂಟು."

ಅವರು ಬ್ರೆಡ್ಡಿನ ತುಂಡು ಬಾಯಿಗೆ ಹಾಕಿಕೊಂಡು ಅಗಿಯತೊಡಗಿದರು. ನಾನು ಮೊದಲ ಮೂರು ಲೋಟಗಳನ್ನು ಮುಂದಿಟ್ಟೆ.